ಕಾರ್ನ್‌ವಾಲಿಸನ ರಜೆ ಚೀಟಿ

ಹತ್ತನೇ ತರಗತಿಯ ಇಂಗ್ಲಿಷ್ ಪುಸ್ತಕದಲ್ಲಿ ಯಾವ ಪಾಠವಿತ್ತು ಅಂತ ಕೇಳಿದರೆ ಒಂದೂ ಹೇಳಲಾರೆ. ಮೇಷ್ಟ್ರು ‘ಸರೆಂಡರ್’ ಅಂದರೇನು ಅಂತ ಕೇಳಿದ್ದು, ನಾನು ಎದ್ದು ‘ನಮ್ಮಪ್ಪ ಮಾಡ್ತಾರೆ ಸಾರ್, ದುಡ್ಡು ಬರುತ್ತೆ’ ಅಂದದ್ದು ಮಾತ್ರ ನೆನಪಿದೆ. ಅಪ್ಪ ತಾಲ್ಲೂಕು ಕಚೇರಿ ಗುಮಾಸ್ತರು, ಇ.ಎಲ್. (ಗಳಿಕೆ ರಜೆ) ಸರೆಂಡರ್ ಮಾಡಿ ದುಡ್ಡು ಪಡೆದಾಗಲೇ ನಮಗೆ ಹೊಸ ಬಟ್ಟೆ. ತರಗತಿಯೆಲ್ಲ ನಕ್ಕಿತು, ಮೇಷ್ಟ್ರು ನಗಲಿಲ್ಲ. ‘ಸರಿಯಾಗೇ ಹೇಳಿದೆ ಕಣಯ್ಯ. ಕೈಲಿರೋದನ್ನ ಒಪ್ಪಿಸೋದೇ ಸರೆಂಡರ್. ಎಲ್ಲರಿಗೂ ದುಡ್ಡು ಬರಲ್ಲ, ಅಷ್ಟೆ’ ಅಂದು ಕಿಟಕಿಯತ್ತ ತಿರುಗಿದರು.

ನಮ್ಮ ಚಿಕ್ಕಬಳ್ಳಾಪುರ ಆಗಿನ್ನೂ ಕೋಲಾರ ಜಿಲ್ಲೆಯಲ್ಲಿತ್ತು. ಕಿಟಕಿಯಾಚೆ ನಂದಿಬೆಟ್ಟ. ‘1781ರಲ್ಲಿ ಅಮೆರಿಕದ ಯಾರ್ಕ್‌ಟೌನ್‌ನಲ್ಲಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ ಸೋತ. ಷರತ್ತು ಬರೆದು ಸಹಿ ಹಾಕಿ ಶರಣಾದ, ಅದು ಕ್ಯಾಪಿಚುಲೇಟ್. ಕತ್ತಿ ಒಪ್ಪಿಸೋ ಹೊತ್ತಿಗೆ ಮೈ ಹುಷಾರಿಲ್ಲ ಅಂತ ತನ್ನ ಕೈಕೆಳಗಿನ ಓ’ಹಾರಾನನ್ನ ಕಳಿಸಿದ. ನಿಮ್ಮ ರಜೆ ಚೀಟಿ ಥರಾನೇ! ಅದೇ ಮನುಷ್ಯ ಇಲ್ಲಿಗೆ ಬಂದು 1791ರ ಅಕ್ಟೋಬರ್‌ನಲ್ಲಿ ಟಿಪ್ಪುವಿನ ನಂದಿದುರ್ಗ ತಗೊಂಡ. ಇಲ್ಲಿ ಯಾರೂ ಚೀಟಿ ಬರೆಯಲಿಲ್ಲ. ಗೋಡೆ ಒಡೆದು ನುಗ್ಗಬೇಕಾಯ್ತು.’ ಅಲ್ಲಿಯವರೆಗೆ ನಮಗೆ ಆ ಬೆಟ್ಟ ಅಂದರೆ ಶಿವರಾತ್ರಿ ಜಾತ್ರೆ, ಮಂಗಗಳು.

ಕಾಟಕ್ಕೆ ಮಣಿದರೆ ಗಿವ್ ಇನ್, ಕೈಚೆಲ್ಲಿದರೆ ಗಿವ್ ಅಪ್. ಅಮ್ಮ ಐಸ್‌ಕ್ಯಾಂಡಿಗೆ ಕಾಸು ಕೊಟ್ಟದ್ದು ಮೊದಲನೆಯದು, ನಾನು ಬೀಜಗಣಿತ ಬಿಟ್ಟು ಮಲಗಿದ್ದು ಎರಡನೆಯದು.

ಇದರ ಮೇಲೇ ಕಿರುಪರೀಕ್ಷೆ ಅಂದಾಗ ಒಂದು ಕಿತಾಪತಿ ಮಾಡಿದೆವು. ಚಾಕ್‌ಪೀಸ್ ಪುಡಿ ಒರೆಸಿಕೊಳ್ಳಲು ಮೇಷ್ಟ್ರು ಕುರ್ಚಿಗೆ ಹಾಕಿರುತ್ತಿದ್ದ ಬಿಳಿ ಟವೆಲನ್ನು ನಕ್ಷೆ ತೋರಿಸುವ ಕೋಲಿಗೆ ಕಟ್ಟಿ, ಶರಣಾಗತಿಯ ಬಾವುಟದ ಹಾಗೆ ಕಿಟಕಿಗೆ ಸಿಕ್ಕಿಸಿದೆವು. ಉಪಾಯ ನನ್ನದೇ, ಈಗ ಹೇಳಿಕೊಳ್ಳಲು ಅಡ್ಡಿಯಿಲ್ಲ. ಒಳಗೆ ಬಂದವರು ಕೋಲನ್ನು ಬಿಚ್ಚಿ, ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು. ‘ಬಾಕ್ಸಿಂಗ್‌ನಲ್ಲಿ ಸೋಲೊಪ್ಪಿ ಟವೆಲ್ ಎಸೆಯೋನು ಹೊಡೆತ ತಿನ್ನೋನಲ್ಲ, ಅವನ ಕಡೆಯ ಮೇಷ್ಟ್ರು. ನಾನಿನ್ನೂ ಎಸೆದಿಲ್ಲ. ಹಾಳೆ ತೆಗೀರಿ.’

ಈಗ ನನ್ನ ಮಗಳ ಶಾಲೆಯಲ್ಲಿ ಯೀಲ್ಡ್, ಸಬ್ಮಿಟ್, ಸರೆಂಡರ್ ಎಲ್ಲಕ್ಕೂ ಒಂದೇ ಅರ್ಥ ಅಂತ ಟಿಕ್ ಹಾಕಿಸುತ್ತಾರೆ. ಫೀಸು ಮಾತ್ರ ನಮ್ಮ ಕಾಲದ್ದಲ್ಲ. ನಾನು ವಕೀಲ, ಒಂದು ಅಂಶವನ್ನು ಕನ್ಸೀಡ್ ಮಾಡಿದ, ಅಂದರೆ ಒಪ್ಪಿಕೊಂಡ, ಮಾತ್ರಕ್ಕೆ ಕೇಸು ಬಿಟ್ಟಂತಲ್ಲ ಅಂತ ಕಿರಿಯರಿಗೆ ಹೇಳಿಕೊಡುವಾಗ, ಕಾನೂನು ಕಾಲೇಜಿಗಿಂತ ಆ ತರಗತಿಯೇ ಹೆಚ್ಚು ಕೆಲಸಕ್ಕೆ ಬರುತ್ತದೆ. ನನ್ನ ಡ್ರಾಫ್ಟಿಂಗ್ ಚೆನ್ನಾಗಿದೆ ಅಂತ ಎದುರು ಪಕ್ಷದವರೇ ಹೇಳಿದ್ದುಂಟು.

ಕಳೆದ ತಿಂಗಳು ಮೇಷ್ಟ್ರು ಹೋದರು. ಶ್ರದ್ಧಾಂಜಲಿ ಫ್ಲೆಕ್ಸಿಗೆ ಯಾರೋ ಇಂಗ್ಲಿಷಿನಲ್ಲಿ ‘ಕಾಯಿಲೆಗೆ ಸಕಂಬ್ ಆದರು’ ಎಂದು ಬರೆದು ಗ್ರೂಪಿಗೆ ಹಾಕಿದ್ದರು. ಸಕಂಬ್ ಅಂದರೆ ಮಣಿಯೋದು. ಪತ್ರಿಕೆಗಳ ಆ ಪದ ಕಂಡರೆ ಮೇಷ್ಟ್ರಿಗೆ ಆಗುತ್ತಿರಲಿಲ್ಲ. ಹೊಡೆದುಹಾಕಿ ‘ಡೈಡ್’ ಅಂತ ಬರೆದು ಪ್ರಿಂಟಿಂಗ್ ಅಂಗಡಿಗೆ ನಾನೇ ಕಳಿಸಿದೆ.