ಬರೀ ಸೊಸೆಯ ಕಡೆಯಿಂದ ಬರುವ ಕಾಯಿಲೆ ಅಲ್ಲ

ಚಾಮರಾಜನಗರದ ಕಡೆ ಹಾಡಿಗಳಿಗೆ ಸಿಕಲ್ ಸೆಲ್ (ಕೆಂಪು ರಕ್ತಕಣಗಳು ಕುಡುಗೋಲಿನ ಆಕಾರಕ್ಕೆ ತಿರುಗುವ, ವಂಶಪಾರಂಪರ್ಯವಾಗಿ ಬರುವ ಕಾಯಿಲೆ) ತಪಾಸಣೆಗೆ ಹೋಗುವ ಲ್ಯಾಬ್ ಟೆಕ್ನಿಷಿಯನ್ ನಾನು. ಮೊದಲ ಪರೀಕ್ಷೆ ಸರಳ. ಸ್ವಲ್ಪ ರಕ್ತವನ್ನು ದ್ರಾವಣಕ್ಕೆ ಬೆರೆಸಿ, ಟ್ಯೂಬಿನ ಹಿಂದೆ ಗೆರೆ ಎಳೆದ ಕಾರ್ಡ್ ಹಿಡಿಯುತ್ತೇವೆ. ಗೆರೆ ಕಂಡರೆ ಸರಿ. ದ್ರಾವಣ ಕದಡಿ ಗೆರೆ ಮರೆಯಾದರೆ ಸಿಕಲ್ ಹಿಮೋಗ್ಲೋಬಿನ್ ಇದೆ ಅಂತ. ಅವರು ಬರೀ ವಾಹಕರೋ (ಕೆಟ್ಟ ಜೀನು ಒಂದೇ ಇರುವವರೋ), ಕಾಯಿಲೆಯೇ ಇದೆಯೋ ತಿಳಿಯಲು ಎಚ್‌ಪಿಎಲ್‌ಸಿ ಎಂಬ, ಹಿಮೋಗ್ಲೋಬಿನ್ ವಿಧಗಳನ್ನು ಬೇರ್ಪಡಿಸಿ ನೋಡುವ ಪರೀಕ್ಷೆ ಆಗಬೇಕು.

"ಸೊಸೆ ಕಡೆಯಿಂದ್ಲೇ ಬಂದಿರೋದು ಕಣವ್ವ" ಅಂತ ಅತ್ತೆಯಂದಿರು ಹೇಳಿದಾಗ ನನಗೆ ಹೊಟ್ಟೆ ಉರಿಯುತ್ತದೆ. ಹಿಮೋಗ್ಲೋಬಿನ್ ತಯಾರಿಗೆ ಬೇಕಾದ ಬೀಟಾ ಗ್ಲೋಬಿನ್ ಜೀನು ನಮ್ಮಲ್ಲಿ ಎರಡಿರುತ್ತವೆ, ಅಪ್ಪನದೊಂದು, ಅಮ್ಮನದೊಂದು. ಒಂದು ಕೆಟ್ಟಿದ್ದರೂ ಇನ್ನೊಂದು ಕೆಲಸ ನಡೆಸುತ್ತದೆ. ಅದಕ್ಕೇ ವಾಹಕರು ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತಾರೆ. ಸಿಕಲ್ ಸೆಲ್ ಅನೀಮಿಯಾ ಅನುವಂಶೀಯತೆಯಲ್ಲಿ ದುರ್ಬಲ (ರಿಸೆಸಿವ್) ಗುಣ, ಅಂದರೆ ಒಂದೇ ಕೆಟ್ಟ ಪ್ರತಿಯಿಂದ ಕಾಯಿಲೆ ಬರುವುದಿಲ್ಲ. ಮಗುವಿಗೆ ಬರಬೇಕಾದರೆ ಇಬ್ಬರಿಂದಲೂ ಕೆಟ್ಟ ಪ್ರತಿಯೇ ಬರಬೇಕು. ಗಂಡನ ಪಾಲೂ ಅಷ್ಟೇ ಇದೆ, ಅಲ್ವಾ?

ಇಬ್ಬರೂ ವಾಹಕರಾದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ 25%. "ಒಂದಕ್ಕೆ ಬಂದಾಯ್ತು, ಇನ್ನು ಮೂರಕ್ಕೆ ಭಯವಿಲ್ಲ" ಎನ್ನುವ ಲೆಕ್ಕ ತಪ್ಪು. ಮೊದಲ ಮಗುವಿಗೆ ಏನಾಯಿತು ಎನ್ನುವುದು ಎರಡನೆಯದರ ಮೇಲೆ ಪರಿಣಾಮ ಮಾಡುವುದಿಲ್ಲ. 2023ರಲ್ಲಿ ಶುರುವಾದ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನ ಅಭಿಯಾನದಲ್ಲಿ 40 ವರ್ಷದವರೆಗಿನವರಿಗೆ ತಪಾಸಣೆ ಇದೆ. ಮದುವೆಗೆ ಮುಂಚೆಯೇ ಮಾಡಿಸಿ. ಹುಡುಗನಿಗೂ.