ಬುದ್ಧನ ಭಿಕ್ಷುಗಳೇ ಗಲಭೆ ಮಾಡಿಸ್ತಾರಾ?

ಶ್ರೀಲಂಕಾ ಅಥವಾ ಮ್ಯಾನ್ಮಾರ್ ಮಾತು ಬಂತು ಅಂದರೆ ಸಾಕು, ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ: "ಇರುವೆಯನ್ನೂ ಕೊಲ್ಲಬಾರದು ಅನ್ನೋ ಧರ್ಮ ಅದು. ಕಾವಿ ಉಟ್ಟ ಭಿಕ್ಷುಗಳೇ ಮುಂದೆ ನಿಂತು ಮಸೀದಿಗೆ ಕಲ್ಲು ಹೊಡೆಸ್ತಾರೆ ಅಂದ್ರೆ ನಂಬೋದು ಹೇಗೆ?" ಕೆಲವರು ನಿಜವಾಗಿ ಬೇಜಾರಾಗಿ ಕೇಳುತ್ತಾರೆ. ಇನ್ನು ಕೆಲವರ ದನಿಯಲ್ಲಿ ಸಣ್ಣ ಖುಷಿ ಇರುತ್ತದೆ. "ಬೌದ್ಧರಿಗೇ ತಡೆಯೋಕೆ ಆಗಲಿಲ್ಲ ಅಂದ್ಮೇಲೆ ತಪ್ಪು ಯಾರದ್ದು ಅಂತ ಗೊತ್ತಾಗಲ್ವಾ?" ಅನ್ನುವ ಧಾಟಿ. ಇಬ್ಬರಿಗೂ ನನ್ನ ಉತ್ತರ ಇಲ್ಲಿದೆ.

ನಮಗೆ ಇದು ವಿಚಿತ್ರ ಅನ್ನಿಸುವುದಕ್ಕೆ ಕಾರಣವಿದೆ. ಕರ್ನಾಟಕದಲ್ಲಿ ನಾವು ನೋಡಿದ ಬೌದ್ಧ ಧರ್ಮ ಒಂದೋ ಅಂಬೇಡ್ಕರ್ ಅವರದ್ದು, ಇಲ್ಲವೇ ಬೈಲುಕುಪ್ಪೆಯ ಟಿಬೆಟನ್ನರದ್ದು. ತುಳಿಸಿಕೊಂಡವರದ್ದು ಒಂದು, ದೇಶ ಕಳೆದುಕೊಂಡವರದ್ದು ಇನ್ನೊಂದು. ಎರಡರ ಕೈಯಲ್ಲೂ ಸರ್ಕಾರ ಇಲ್ಲ, ಸೈನ್ಯ ಇಲ್ಲ. ಲಂಕೆಯಲ್ಲಿ ಹಾಗಲ್ಲ. ಅಲ್ಲಿ ನೂರಕ್ಕೆ ಎಪ್ಪತ್ತು ಜನ ಬೌದ್ಧರು. ಸಂವಿಧಾನದಲ್ಲೇ ಬೌದ್ಧ ಧರ್ಮಕ್ಕೆ ಮೊದಲ ಸ್ಥಾನ ಎಂದು 1972ರಿಂದ ಬರೆದಿದೆ. ಮ್ಯಾನ್ಮಾರ್‌ನಲ್ಲಿ ಬೌದ್ಧರು ನೂರಕ್ಕೆ 88ರಷ್ಟು.

ಬುದ್ಧ ಹಿಂಸೆಗೆ ಎಲ್ಲಾದರೂ ಒಪ್ಪಿಗೆ ಕೊಟ್ಟಿದ್ದಾನಾ ಎಂದರೆ, ಇಲ್ಲ. ಪಾಲಿ ಭಾಷೆಯ ಒಂದು ಸುತ್ತದಲ್ಲಿ, ಅಂದರೆ ಉಪದೇಶದಲ್ಲಿ, ಅವನು ಹೇಳುವುದು ಕೇಳಿ: ದರೋಡೆಕೋರರು ಗರಗಸದಿಂದ ನಿಮ್ಮ ಕೈಕಾಲು ಕೊಯ್ದರೂ ಮನಸ್ಸಿನಲ್ಲಿ ದ್ವೇಷ ತಂದುಕೊಂಡವನು ನನ್ನ ಮಾತು ಪಾಲಿಸುವವನಲ್ಲ. ಇದಕ್ಕಿಂತ ಬಿಗಿಯಾಗಿ ಹೇಳಲು ಸಾಧ್ಯವಾ? ಆದರೆ ಲಂಕೆಯ ಮಕ್ಕಳು ಕೇಳಿ ಬೆಳೆಯುವ ಕತೆ ಬೇರೆ. ಅದು ಮಹಾವಂಶದ್ದು. ಸುಮಾರು ಒಂದೂವರೆ ಸಾವಿರ ವರ್ಷದ ಹಿಂದೆ ಭಿಕ್ಷುಗಳೇ ಪಾಲಿಯಲ್ಲಿ ಕಟ್ಟಿದ ರಾಜವಂಶದ ಕಾವ್ಯ.

ಅದರ ನಾಯಕ ದುಟ್ಠಗಾಮಣಿ ರಾಜ. ಚೋಳನಾಡಿನಿಂದ ಬಂದು ಅನುರಾಧಪುರ ಆಳುತ್ತಿದ್ದ ಎಳಾರನ ಮೇಲೆ ದಂಡೆತ್ತಿ ಹೋಗುತ್ತಾನೆ. ಭರ್ಚಿಯಲ್ಲಿ ಬುದ್ಧನ ಧಾತು (ದೇಹದ ಅವಶೇಷ) ಇಟ್ಟುಕೊಂಡು, ಜೊತೆಗೆ ಭಿಕ್ಷುಗಳನ್ನು ಕರೆದುಕೊಂಡು. ತಮಾಷೆ ಅಂದರೆ ಎಳಾರ ನ್ಯಾಯವಂತ ದೊರೆ ಎಂದು ಆ ಕಾವ್ಯವೇ ಒಪ್ಪುತ್ತದೆ. ಅವನನ್ನು ಕೊಂದ ಮೇಲೆ ದುಟ್ಠಗಾಮಣಿಯೇ ಸ್ಮಾರಕ ಕಟ್ಟಿಸಿ ಗೌರವ ಕೊಡುತ್ತಾನೆ. ಗೆದ್ದ ರಾತ್ರಿ ಅರಮನೆಯಲ್ಲಿ ಅವನಿಗೆ ನೆಮ್ಮದಿ ಇಲ್ಲ. ಅಷ್ಟು ಜನರನ್ನು ಕೊಂದೆನಲ್ಲ ಎಂಬ ಕೊರಗು. ಆಗ ಎಂಟು ಜನ ಅರಹಂತರು, ಅಂದರೆ ನಿರ್ವಾಣ ಪಡೆದ ಭಿಕ್ಷುಗಳು, ಬಂದು ಸಮಾಧಾನ ಹೇಳುತ್ತಾರೆ: ನೀನು ಕೊಂದದ್ದು ಒಂದೂವರೆ ಮನುಷ್ಯರನ್ನು ಮಾತ್ರ. ಪಂಚಶೀಲ ಹಿಡಿದವನು ಒಬ್ಬ, ಬುದ್ಧನಿಗೆ ಶರಣು ಬಂದವನು ಅರ್ಧ. ಉಳಿದವರು ಪಶುಗಳ ಸಮ.

ಈ ಒಂದೂವರೆ ಲೆಕ್ಕವೇ ನನ್ನ ಉತ್ತರದ ಅರ್ಧ ಭಾಗ. ದ್ವೀಪ ಉಳಿದರೆ ಧರ್ಮ ಉಳಿಯುತ್ತದೆ, ದ್ವೀಪ ಕಾಯಲು ಮಾಡಿದ ಪಾಪ ಪಾಪವೇ ಅಲ್ಲ. ಹೀಗೊಂದು ನಂಬಿಕೆ ಬಂದು ಕೂತ ಮೇಲೆ ಸುತ್ತದ ಗರಗಸ ಪಕ್ಕಕ್ಕೆ ಸರಿಯುತ್ತದೆ. ಹಳೆ ಕತೆ ಬಿಡಿ ಎನ್ನಬೇಡಿ. 2017ರ ಅಕ್ಟೋಬರ್‌ನಲ್ಲಿ ಮ್ಯಾನ್ಮಾರ್‌ನ ಹೆಸರಾಂತ ಭಿಕ್ಷು ಸಿತಗು ಸಯಾಡೋ ಅಲ್ಲಿನ ಸೇನಾಧಿಕಾರಿಗಳ ಮುಂದೆ ಉಪನ್ಯಾಸ ಮಾಡಿ ಇದೇ ಕತೆಯನ್ನು ಹೇಳಿದರು. ಅಷ್ಟರಲ್ಲಿ ಆರು ಲಕ್ಷ ರೋಹಿಂಗ್ಯಾ ಮುಸ್ಲಿಮರು ಅದೇ ಸೇನೆಗೆ ಹೆದರಿ ಗಡಿ ದಾಟಿ ಬಾಂಗ್ಲಾದೇಶ ಸೇರಿದ್ದರು.

ಉಳಿದರ್ಧ ರಾಜಕೀಯ. ಕತೆ ಸಾವಿರ ವರ್ಷ ಸುಮ್ನೆ ಪುಸ್ತಕದಲ್ಲಿ ಮಲಗಿರಬಹುದು. ಎಬ್ಬಿಸುವವರು ಬೇಕು. ಬ್ರಿಟಿಷರ ಕಾಲದಲ್ಲಿ ರಾಜನ ಆಶ್ರಯ ತಪ್ಪಿತು, ಮಿಷನರಿ ಶಾಲೆ ಓದಿದವರಿಗೆ ಕೆಲಸ ಸಿಕ್ಕಿತು, ಪೇಟೆಯ ವ್ಯಾಪಾರ ಹೊರಗಿನವರ ಪಾಲಾಯಿತು ಎಂಬ ಸಿಟ್ಟು ಒಳಗೇ ಕುದಿಯುತ್ತಿತ್ತು. 1915ರಲ್ಲೇ ಲಂಕೆಯಲ್ಲಿ ಸಿಂಹಳ-ಮುಸ್ಲಿಂ ಗಲಭೆ ಆಗಿತ್ತು. ಬರ್ಮಾದಲ್ಲಿ (ಇಂದಿನ ಮ್ಯಾನ್ಮಾರ್) ಸಾಲ ಕೊಟ್ಟ ತಮಿಳುನಾಡಿನ ಚೆಟ್ಟಿಯಾರರ ಕೈಗೆ ಗದ್ದೆಗಳು ಹೋದವು. 1938ರಲ್ಲಿ ಅಲ್ಲಿ ಭಾರತೀಯರ ಮೇಲೆ, ಅದರಲ್ಲೂ ಮುಸ್ಲಿಮರ ಮೇಲೆ ದೊಡ್ಡ ದಾಳಿ ನಡೆಯಿತು.

ಆಮೇಲೆ 1956 ಬಂತು. ಬುದ್ಧನ ಪರಿನಿರ್ವಾಣಕ್ಕೆ 2500 ವರ್ಷ ತುಂಬಿದ ಸಂಭ್ರಮ. ಆ ವರ್ಷವೇ ನಾಗಪುರದಲ್ಲಿ ಅಂಬೇಡ್ಕರ್ ಲಕ್ಷಾಂತರ ಜನರಿಗೆ ದೀಕ್ಷೆ ಕೊಟ್ಟರು. ಆ ವರ್ಷವೇ ಕೊಲಂಬೊದಲ್ಲಿ ಬಂಡಾರನಾಯಕೆ ಭಿಕ್ಷುಗಳ ಬೆಂಬಲದಿಂದ ಚುನಾವಣೆ ಗೆದ್ದು, ಪ್ರಧಾನಿಯಾಗಿ, ಸಿಂಹಳವೊಂದೇ ಆಡಳಿತ ಭಾಷೆ ಎಂಬ ಕಾನೂನು ತಂದರು. ಮುಂದೆ ತಮಿಳರ ಜೊತೆ ಒಪ್ಪಂದ ಮಾಡಿಕೊಂಡಾಗ ಭಿಕ್ಷುಗಳು ಅವರ ಮನೆ ಮುಂದೆಯೇ ಧರಣಿ ಕೂತರು, ಒಪ್ಪಂದ ಹರಿದುಹೋಯಿತು. 1959ರಲ್ಲಿ ಮನೆಗೆ ಬಂದ ಭಿಕ್ಷುವಿಗೆ ಅವರು ಕೈಮುಗಿದರು. ಅದೇ ಭಿಕ್ಷು ಗುಂಡು ಹೊಡೆದ. ಸಂಚಿನ ಹಿಂದೆ ಇದ್ದವರು ಕೆಲನಿಯ ವಿಹಾರದ ಮುಖ್ಯಸ್ಥರು.

ಇನ್ನು ಮುಸ್ಲಿಮರ ವಿಷಯ. ತಮಿಳರಿಗೆ ಬೇರೆ ದೇಶ ಬೇಕೆಂದು ಎಲ್‌ಟಿಟಿಇ, ಅಂದರೆ ತಮಿಳು ಹುಲಿಗಳು, ಸರ್ಕಾರದ ಜೊತೆ ನಡೆಸಿದ ಯುದ್ಧದಲ್ಲಿ ಲಂಕೆಯ ಮುಸ್ಲಿಮರು ಅವರ ಕಡೆ ಇರಲಿಲ್ಲ. ಬದಲಿಗೆ 1990ರಲ್ಲಿ ಕಾತ್ತಾನ್‌ಕುಡಿಯ ಮಸೀದಿಗಳಲ್ಲಿ ನಮಾಜು ಮಾಡುತ್ತಿದ್ದವರನ್ನು ಹುಲಿಗಳು ಕೊಂದರು, ಉತ್ತರದ ಮುಸ್ಲಿಮರನ್ನೆಲ್ಲ ಊರು ಬಿಡಿಸಿದರು. 2009ರಲ್ಲಿ ಯುದ್ಧ ಮುಗಿಯಿತು. 2012ರಲ್ಲಿ ಜ್ಞಾನಸಾರ ಎಂಬ ಭಿಕ್ಷುವಿನ ಮುಂದಾಳತ್ವದಲ್ಲಿ ಬೋಧು ಬಲ ಸೇನಾ ಎಂಬ ಸಂಘಟನೆ ಹುಟ್ಟಿತು. ಮೊದಲ ದೊಡ್ಡ ಜಗಳ ಯಾವುದಕ್ಕೆ ಗೊತ್ತಾ? ಬಿಸ್ಕತ್ತು ಪ್ಯಾಕೆಟ್ಟುಗಳ ಮೇಲಿನ ಹಲಾಲ್ ಗುರುತಿಗೆ. 2014ರ ಜೂನ್‌ನಲ್ಲಿ ಅಳುತ್‌ಗಾಮದಲ್ಲಿ ಅವರ ಸಭೆಯ ಬೆನ್ನಿಗೇ ಮುಸ್ಲಿಮರ ಮನೆ, ಅಂಗಡಿಗಳು ಹೊತ್ತಿ ಉರಿದವು.

ಲಂಕೆಯ ಅಂಪಾರೆ ಊರಿನ ಮುಸ್ಲಿಂ ಹೋಟೆಲಿನ ಪ್ರಕರಣ ಇದೆಲ್ಲದಕ್ಕಿಂತ ಚೆನ್ನಾಗಿ ವಿಷಯ ಬಿಡಿಸುತ್ತದೆ. 2018ರ ಫೆಬ್ರವರಿ ರಾತ್ರಿ ಊಟಕ್ಕೆ ಬಂದವರಿಗೆ ಸಾರಿನಲ್ಲಿ ಒಂದು ಗಂಟು ಸಿಕ್ಕಿತು. ಸಿಂಹಳೀಯರಿಗೆ ಮಕ್ಕಳಾಗದಂತೆ ಮುಸ್ಲಿಮರು ಊಟದಲ್ಲಿ ಮಾತ್ರೆ ಬೆರೆಸುತ್ತಾರೆ ಎಂಬ ಪುಕಾರು ಆಗಲೇ ಎಲ್ಲ ಕಡೆ ಓಡಾಡುತ್ತಿತ್ತು. ಜನ ಕ್ಯಾಷಿಯರ್‌ನನ್ನು ಸುತ್ತುವರಿದು "ಮಾತ್ರೆ ಹಾಕಿದೀಯಾ, ಹೇಳು" ಎಂದು ಗದರಿದರು. ಅವನ ಮಾತು ತಮಿಳು, ಸಿಂಹಳ ಅಷ್ಟಕ್ಕಷ್ಟೆ. ಹೆದರಿ ಹೂಂ ಎಂದುಬಿಟ್ಟ. ಅದರ ವಿಡಿಯೊ ಫೇಸ್‌ಬುಕ್‌ಗೆ ಹೋಯಿತು. ಹೋಟೆಲ್ ಪುಡಿಪುಡಿ, ಊರ ಮಸೀದಿಯ ಮೇಲೂ ದಾಳಿ. ಆಮೇಲೆ ಸರ್ಕಾರಿ ಪ್ರಯೋಗಾಲಯ ನೋಡಿ ಹೇಳಿತು: ಅದು ಹಿಟ್ಟಿನ ಗಂಟು. ಹಾಗೆ ಊಟದಲ್ಲಿ ಬೆರೆಸಿ ಬಂಜೆತನ ತರುವ ಮಾತ್ರೆ ಎಲ್ಲಿಯೂ ಇಲ್ಲ. ಒಂದು ವಾರದಲ್ಲಿ ಕ್ಯಾಂಡಿ ಬಳಿಯ ದಿಗಣದಲ್ಲಿ ಇನ್ನೂ ದೊಡ್ಡ ಗಲಭೆಯಾಗಿ ತುರ್ತು ಪರಿಸ್ಥಿತಿ ಹೇರಬೇಕಾಯಿತು.

ಮ್ಯಾನ್ಮಾರ್‌ನಲ್ಲಿ ಇದೇ ಭಯಕ್ಕೆ ಅಂಕಿಗಳ ವೇಷ. ನಮ್ಮ ಕಡೆ ಲಾರಿ, ಆಟೋಗಳ ಮೇಲೆ 786 (ಬಿಸ್ಮಿಲ್ಲಾ ಎಂಬುದರ ಸಂಕೇತ) ಕಾಣುತ್ತೇವಲ್ಲ, ಅಲ್ಲಿಯೂ ಮುಸ್ಲಿಂ ಹೋಟೆಲುಗಳ ಮೇಲೆ ಅದೇ ಇರುತ್ತಿತ್ತು. ಏಳು, ಎಂಟು, ಆರು ಕೂಡಿಸಿ, ಇಪ್ಪತ್ತೊಂದಾಯಿತು. ಅಂದರೆ 21ನೇ ಶತಮಾನದಲ್ಲಿ ದೇಶ ನುಂಗುವ ಯೋಜನೆ ಅಂತೆ! ನೂರಕ್ಕೆ ನಾಲ್ಕು ಜನ ಇರುವವರದ್ದು. ಇದಕ್ಕೆ ಎದುರಾಗಿ ಬಂತು 969. ಬುದ್ಧನ ಒಂಬತ್ತು ಗುಣ, ಧರ್ಮದ ಆರು, ಸಂಘದ ಒಂಬತ್ತು. ಆ ಸ್ಟಿಕ್ಕರ್ ಅಂಟಿಸಿದ ಅಂಗಡಿಯಲ್ಲೇ ಕೊಳ್ಳಿ ಎಂದು ವಿರಾತು ಎಂಬ ಭಿಕ್ಷು ಊರೂರು ತಿರುಗಿದರು. 2015ರಲ್ಲಿ ಮದುವೆ, ಮತಾಂತರ, ಹೆರಿಗೆಗಳ ಮೇಲೆ ಕಣ್ಣಿಡುವ ನಾಲ್ಕು ಕಾನೂನುಗಳೂ ಆದವು.

ಖುಷಿಯಿಂದ ಕೇಳುವವರು ಇಲ್ಲಿ ಲಂಕೆಯ 2019ರ ಈಸ್ಟರ್ ಬಾಂಬುಗಳನ್ನು ನೆನಪಿಸುತ್ತಾರೆ. ನೆನಪಿಸಲೇಬೇಕು. ಇನ್ನೂರೈವತ್ತಕ್ಕೂ ಹೆಚ್ಚು ಜನ ಸತ್ತರು, ಕೊಂದವರು ಮುಸ್ಲಿಂ ಉಗ್ರರೇ. ಆದರೆ ಅಳುತ್‌ಗಾಮ ಅದಕ್ಕಿಂತ ಐದು ವರ್ಷ ಮೊದಲಿನದು. ಬಾಂಬು ಬಿದ್ದದ್ದು ಚರ್ಚು, ಹೋಟೆಲುಗಳ ಮೇಲೆ. ಭಿಕ್ಷುಗಳು ತೀರಿಸಿಕೊಂಡದ್ದು ಸೇಡು ಅನ್ನುವ ಲೆಕ್ಕ ಕೂಡುವುದಿಲ್ಲ.

ಎಲ್ಲ ಭಿಕ್ಷುಗಳೂ ಹೀಗೇನಾ ಎಂದರೆ ಖಂಡಿತ ಅಲ್ಲ. 2013ರಲ್ಲಿ ಮುಸ್ಲಿಮರ ಮೇಲಿನ ದಾಳಿಯಲ್ಲಿ ಮ್ಯಾನ್ಮಾರ್‌ನ ಮೆಯ್ಕ್‌ತಿಲಾ ಊರು ಉರಿಯುತ್ತಿದ್ದಾಗ ಅಲ್ಲಿನ ಒಂದು ವಿಹಾರದ ಹಿರಿಯ ಭಿಕ್ಷು ನೂರಾರು ಮುಸ್ಲಿಮರನ್ನು ಒಳಗೆ ಸೇರಿಸಿಕೊಂಡು, ಬಾಗಿಲಿಗೆ ಬಂದ ಗುಂಪನ್ನು ವಾಪಸು ಕಳಿಸಿದರು. ಬೋಧು ಬಲ ಸೇನಾವನ್ನು ಟೀಕಿಸುತ್ತಿದ್ದ ಲಂಕೆಯ ಭಿಕ್ಷು ವಟರೆಕ ವಿಜಿತ ಥೇರರು 2014ರಲ್ಲಿ ಗಾಯಗೊಂಡು ರಸ್ತೆ ಬದಿ ಸಿಕ್ಕರು.

ಕೊನೆಗೆ ಎಲ್ಲರೂ ಕೇಳುವುದು, ಶಿಕ್ಷೆ ಆಯ್ತಾ? ಜ್ಞಾನಸಾರ 2018ರಲ್ಲಿ ನ್ಯಾಯಾಂಗ ನಿಂದನೆಗೆ ಜೈಲಿಗೆ ಹೋದರು. ಮರುವರ್ಷ ರಾಷ್ಟ್ರಪತಿಯ ಕ್ಷಮಾದಾನ ಸಿಕ್ಕಿತು. 2021ರಲ್ಲಿ "ಒಂದು ದೇಶ ಒಂದು ಕಾನೂನು" ಸಮಿತಿಗೆ ಅವರನ್ನೇ ಅಧ್ಯಕ್ಷರನ್ನಾಗಿ ಮಾಡಿದರು! ಇಸ್ಲಾಂ ಬಗ್ಗೆ 2016ರಲ್ಲಿ ಆಡಿದ ಮಾತಿಗೆ 2025ರ ಜನವರಿಯಲ್ಲಿ ಒಂಬತ್ತು ತಿಂಗಳ ಶಿಕ್ಷೆ ಆಯಿತು. ವಿರಾತು ಮೇಲಿನ ದೇಶದ್ರೋಹದ ಕೇಸನ್ನು ಸೇನಾ ಸರ್ಕಾರ 2021ರಲ್ಲಿ ಕೈಬಿಟ್ಟಿತು. 2023ರ ಜನವರಿಯಲ್ಲಿ ಕರೆದು ಬಿರುದು ಕೊಟ್ಟಿತು.