‘ಕಾಪೀ ಆಹೇ, ಮಾವಶಿ’

ಕಳೆದ ಸೋಮವಾರ ಪುಣೆಯ ಸದಾಶಿವ ಪೇಠದಲ್ಲಿರುವ ಅತ್ತೆಯ ವಾಡೆಯಲ್ಲಿ, ಅಂದರೆ ಹಳೆಯ ಕಾಲದ ದೊಡ್ಡ ಮನೆಯಲ್ಲಿ, ಎರಡು ಟ್ರಂಕುಗಳ ನಡುವೆ ಮಂಡಿಯೂರಿ ಕುಳಿತ ಹಳೆಸಾಮಾನಿನ ವ್ಯಾಪಾರಿಯೊಬ್ಬರು ಕರವಸ್ತ್ರದ ತುದಿಯನ್ನು ನೀರಿನಲ್ಲಿ ಅದ್ದಿ, ರತ್ನಗಂಬಳಿಯ ಅಂಚಿನ ಕೆಂಪು ಹೂವೊಂದರ ಮೇಲೆ ತಿಕ್ಕಿದರು. ಅಂಟಿಕೊಂಡ ಗುಲಾಬಿ ಕಲೆಯನ್ನು ನಮ್ಮತ್ತ ಹಿಡಿದು, “ಕಾಪೀ ಆಹೇ, ಮಾವಶಿ” ಎಂದರು, ಮರಾಠಿಯಲ್ಲಿ: ಇದು ನಕಲು, ಚಿಕ್ಕಮ್ಮ. ಅತ್ತೆ ಅವರಿಗೆ ಉತ್ತರ ಕೊಡಲಿಲ್ಲ, ನನ್ನ ಕಡೆ ತಿರುಗಿ ಕನ್ನಡದಲ್ಲಿ, “ಕಾಪಿ ಅಂತ ನಮಗೂ ಗೊತ್ತದ. ಎಲ್ಲೀದರ ಕಾಪಿ ಅಂತ ಅವಗ ಗೊತ್ತದೇನು?” ಎಂದರು. ನಾಲ್ಕು ದಿನಗಳಿಂದ ಆ ಕಲೆಯೂ ಈ ಮಾತೂ ನನ್ನನ್ನು ಬಿಟ್ಟಿಲ್ಲ.

ಅತ್ತೆಯ ಮಾವನವರು ಆ ರತ್ನಗಂಬಳಿಯನ್ನು ಪುಣೆಯ ಯೆರವಾಡ ಜೈಲಿನಲ್ಲಿ ಕೈದಿಗಳು ನೇಯುತ್ತಿದ್ದ ಕಾರಖಾನೆಯಿಂದ ತಂದದ್ದಂತೆ. ಅದರ ನಮೂನೆ ವಿಜಾಪುರದ ಆಸಾರ್ ಮಹಲಿನದು ಎಂದು ಅವರು ಬಂದವರಿಗೆಲ್ಲ ಹೇಳುತ್ತಿದ್ದರು. ನಾವು ವಿಜಾಪುರದವರೇ. ಮುಹಮ್ಮದ್ ಆದಿಲ್ ಶಾಹನ ಕಾಲದ ಆ ಮಹಲಿನ ಹಳೆಯ ರತ್ನಗಂಬಳಿಗಳು ಈಗ ಗೋಳಗುಮ್ಮಟದ ಮುಂದಿನ ನಗಾರಖಾನೆಯ ಮ್ಯೂಸಿಯಮ್ಮಿನಲ್ಲಿವೆ. ನಾಲ್ಕು ಸಲ ಅಲ್ಲಿಗೆ ಹೋಗಿದ್ದೇನೆ; ನಾಲ್ಕು ಸಲವೂ ಪಿಸುಮಾತಿನ ಗ್ಯಾಲರಿಯಲ್ಲಿ ಕೂಗಿ ಬರುವ ಆತುರದಲ್ಲಿ ಮ್ಯೂಸಿಯಮ್ಮಿನ ಬಾಗಿಲನ್ನು ದಾಟಿ ಹೋಗಿದ್ದೇನೆ. ಊರಿನ ಹೂವುಗಳನ್ನು ನಾನು ಮೊದಲ ಸಲ ಗಮನವಿಟ್ಟು ನೋಡಿದ್ದು ಪುಣೆಯಲ್ಲಿ, ಅದೂ ನಕಲಿನಲ್ಲಿ.

ವ್ಯಾಪಾರಿ ಸುಳ್ಳು ಹೇಳಲಿಲ್ಲ. ಅವರು ಕುಚ್ಚನ್ನು ಬಿಡಿಸಿ ತೋರಿಸಿದಾಗ ಉಣ್ಣೆಯ ತುದಿ ಬೂದಿಬಣ್ಣಕ್ಕೆ ತಿರುಗಿದ್ದರೂ ಬುಡದಲ್ಲಿ ನೇರಳೆ ಇನ್ನೂ ಹೊಳೆಯುತ್ತಿತ್ತು. ಅದು 1856ರ ನಂತರ ಬಂದ ರಾಸಾಯನಿಕ ಬಣ್ಣಗಳ ಗುರುತು. ಮೊಗಲರ ಕಾಲದ ನೇಕಾರರ ಕೆಂಪು ಅರಗಿನದು. ಜಹಾಂಗೀರ್ 1620ರಲ್ಲಿ ಕಾಶ್ಮೀರಕ್ಕೆ ಹೋಗಿದ್ದಾಗ ಚಿತ್ರಕಾರ ಮನ್ಸೂರ್ ನೂರಕ್ಕೂ ಹೆಚ್ಚು ಹೂವುಗಳನ್ನು ಬರೆದ. ಷಹಜಹಾನನ ಹೊತ್ತಿಗೆ ಅಂಥ ಹೂಗಿಡಗಳು ಒಂದೊಂದಾಗಿ, ಕಾಂಡ ಎಲೆಗಳ ಸಮೇತ, ರತ್ನಗಂಬಳಿಯ ಮೇಲೆ ಸಾಲಾಗಿ ನಿಂತವು. ಅಂಥವುಗಳ ಎದುರು ನಮ್ಮದು ಎಷ್ಟರದು? ಅಣ್ಣನಿಗಂತೂ ಈ ಚರಿತ್ರೆಯೇ ಬೇಕಿರಲಿಲ್ಲ. ಕಾಪಿ ಎಂದ ಕೂಡಲೇ, “ಹಂಗಾದ್ರ ಎಷ್ಟು ಕೊಡ್ತೀರಿ?” ಎಂದು ಕೇಳಿದ. ಅವನು ಕೆಟ್ಟವನಲ್ಲ, ವಾಡೆ ಬಿಲ್ಡರನ ಕೈಗೆ ಹೋಗುವ ಗಡಿಬಿಡಿಯಲ್ಲಿದ್ದಾನೆ; ಆದರೂ ಆ ಪ್ರಶ್ನೆ ನನಗೆ ಹಿಡಿಸಲಿಲ್ಲ.

ಅವರು ದರ ಮಾತಾಡುತ್ತಿದ್ದಾಗ ನಾನು ಒಂದು ಮೂಲೆಯನ್ನು ಮಗುಚಿ ಹಿಂಬದಿ ನೋಡಿದೆ. ಅಲ್ಲೂ ಅದೇ ಹೂವು, ಆದರೆ ಅಕ್ಕಿಕಾಳಿಗಿಂತ ಸಣ್ಣ ಗಂಟುಗಳ ಸಾಲುಗಳಾಗಿ. ಎರಡು ಹಾಸುನೂಲುಗಳಿಗೆ ಉಣ್ಣೆಯನ್ನು ಸುತ್ತಿ, ಚಾಕುವಿನಿಂದ ಕತ್ತರಿಸಿ, ಸಾಲು ಮುಗಿದ ಮೇಲೆ ಹೊಕ್ಕುನೂಲು ಹಾಯಿಸಿ ಪಂಜವೆಂಬ ಬಾಚಣಿಗೆಯಂಥ ಸಲಕರಣೆಯಿಂದ ಬಡಿದು ಕೂರಿಸಿದರೆ ಒಂದು ಸಾಲು ಮೇಲೇರುತ್ತದೆ. ನಕಲು ಮಾಡುವವನಿಗೆ ಇದರಲ್ಲಿ ಒಂದು ಗಂಟಿನ ರಿಯಾಯಿತಿಯೂ ಇಲ್ಲ. ಒಂದು ಎಸಳಿನಲ್ಲಿ ಹಳದಿ ಬರಬೇಕಾದಲ್ಲಿ ಹೆಬ್ಬೆರಳಿನಗಲ ನೀಲಿ ಬಂದಿತ್ತು, ಮುಂದಿನ ಸಾಲಿನಿಂದ ಮತ್ತೆ ಹಳದಿ. ನಮೂನೆ ನೋಡಿ ನೇಯುವವರಿಗೆ ಬಣ್ಣ ಕೂಗಿ ಹೇಳುವವನು ತಪ್ಪಿದನೋ, ಕೇಳಿಸಿಕೊಂಡ ಕೈದಿಯ ಮನಸ್ಸು ಬೇರೆಲ್ಲೋ ಇತ್ತೋ? ಯಾವ ತಪ್ಪಿಗೆ ಎಷ್ಟು ವರ್ಷದ ಶಿಕ್ಷೆ ಅನುಭವಿಸುತ್ತಿದ್ದನೋ, ಅವನ ಒಂದು ಮಧ್ಯಾಹ್ನ ಮಾತ್ರ ಆ ನೀಲಿಯಲ್ಲಿ ಉಳಿದಿದೆ.

ಜೈಲಿನ ಅಗ್ಗದ ನೇಯ್ಗೆ ಈ ದೇಶದ ರತ್ನಗಂಬಳಿ ಕಸುಬನ್ನು ಕೆಡಿಸುತ್ತಿದೆಯೆಂದು ಭಾರತದ ಕರಕುಶಲ ಕಲೆಗಳ ಬಗ್ಗೆ ಬರೆದ ಬ್ರಿಟಿಷ್ ಅಧಿಕಾರಿ ಜಾರ್ಜ್ ಬರ್ಡ್‌ವುಡ್ 1880ರಲ್ಲೇ ಕಟುವಾಗಿ ಬರೆದಿದ್ದರು. ಕೂಲಿಯಿಲ್ಲದ ಕೈಗಳೊಂದಿಗೆ ಮನೆಮಗ್ಗದವನು ಪೈಪೋಟಿ ಮಾಡುವುದಾದರೂ ಹೇಗೆ? ಆ ದೂರನ್ನು ನಾನು ಒಪ್ಪುತ್ತೇನೆ. ಆದರೆ ನಮೂನೆಯನ್ನು ಆರಿಸಿದವನೂ ಕೈದಿಯಲ್ಲ, ಬಣ್ಣವನ್ನು ಕೊಂಡು ತಂದವನೂ ಕೈದಿಯಲ್ಲ. ಸೋಮವಾರ ಕರವಸ್ತ್ರಕ್ಕೆ ಅಂಟಿದ್ದು ಬಣ್ಣ ಕೊಂಡವರ ಜಿಪುಣತನ. ಗಂಟು ಒಂದೂ ಸಡಿಲಾಗಿರಲಿಲ್ಲ.

ಕೊನೆಗೆ ಅತ್ತೆ ಮಾರುವುದಿಲ್ಲ ಎಂದುಬಿಟ್ಟರು. ವ್ಯಾಪಾರಿ ಬೇಸರಪಡದೆ, ನುಸಿ ಹಿಡಿಯದಂತೆ ಬೇವಿನ ಎಲೆ ಹಾಕಿ ಸುತ್ತಿಡಲು ಹೇಳಿ, ಚಹಾ ಕುಡಿದು ಹೋದರು. ಸುತ್ತುವಾಗ ಅತ್ತೆ ಆ ನೀಲಿ ಎಸಳಿನ ಮೇಲೆ ಕೈಯಾಡಿಸಿ, “ದೀಪಾವಳಿಗೆ ಊರಿಗೆ ಹೋದ್ರ ಮ್ಯೂಸಿಯಮ್ಮಿಗೆ ಕರಕೊಂಡು ಹೋಗು. ಗುಮ್ಮಟ ಹತ್ತೂದು ಬ್ಯಾಡ, ನನ್ನ ಮೊಣಕಾಲು ಕೇಳೂದಿಲ್ಲ” ಎಂದರು.